ನುಗ್ಗಿದವರಿಗೆ ಪದ್ಯ, ನೋಡಿಬಂದವರಿಗೆ?

ಬುಡಾಪೆಸ್ಟಿನ ಬುಡಾ ಕೋಟೆಯ ಹತ್ತಿರ ಕುದುರೆ ಸವಾರನ ಕಂಚಿನ ಪ್ರತಿಮೆ ಒಂದಿದೆ. ಇಡೀ ಕುದುರೆ ಕಪ್ಪಾಗಿದ್ರೂ ಅದರ ವೃಷಣ ಮಾತ್ರ ಚಿನ್ನದ ಹಾಗೆ ಫಳಫಳ ಹೊಳೆಯುತ್ತೆ. ಹೊಳಪು ಕೊಟ್ಟವರು ನಮ್ಮ ಕುಲಬಾಂಧವರೇ, ಅಂದ್ರೆ ಅಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಪರೀಕ್ಷೆಗೆ ಮುಂಚೆ ಅದನ್ನು ಮುಟ್ಟಿ ಹೋದ್ರೆ ಪಾಸು ಅನ್ನೋ ನಂಬಿಕೆ. ನಾವು ಇಂಟರ್ನಲ್ಸ್ ದಿನ ಗಣಪನಿಗೆ ಕೈಮುಗಿದು ಓಡ್ತೀವಲ್ಲ, ಹಾಗೆ.

ಆ ಕುದುರೆ ಮೇಲೆ ಕೂತಿರುವವನು ಆಂದ್ರಾಶ್ ಹಾದಿಕ್. ಕಳೆದ ಸಲ ಸಂಘದ ಕ್ವಿಜ್‌ನಲ್ಲಿ ಈ ಹೆಸರು ಕೇಳಿದಾಗ ಸೆಮಿನಾರ್ ಹಾಲ್ ಪೂರ್ತಿ ಮೌನ. ಅದರ ಹಿಂದಿನ ಪ್ರಶ್ನೆ 'ಲೈಟ್ ಬ್ರಿಗೇಡ್' ಬಗ್ಗೆ ಇತ್ತು, ಪ್ರಶ್ನೆ ಮುಗಿಯೋಕೆ ಮುಂಚೆನೇ ಮೂರು ಬಝರ್ ಒತ್ತಿದ್ರು. ನಮ್ಮ ತಕರಾರು ಇಲ್ಲೇ ಇರೋದು. ಯುರೋಪಿನ ಲಘು ಅಶ್ವದಳ ಅಂದ್ರೆ ನಮಗೆ ನೆನಪಾಗೋದು ಅದು ಮಾಡಬಾರದಾಗಿದ್ದ ಕೆಲಸ. ಅದು ನಿಜವಾಗಿ ಮಾಡುತ್ತಿದ್ದ ಕೆಲಸ ಯಾರಿಗೂ ಬೇಡ.

ಮೊದಲು ಹಾದಿಕ್ ಕತೆ. ಸಪ್ತವಾರ್ಷಿಕ ಯುದ್ಧದ ಕಾಲ. ಪ್ರಶ್ಯದ ದೊರೆ ಫ್ರೆಡ್ರಿಕ್ ತನ್ನ ಸೈನ್ಯದ ಜೊತೆ ಬೇರೆ ಕಡೆ ಇದ್ದಾನೆ, ರಾಜಧಾನಿಗೆ ಸರಿಯಾದ ಕಾವಲಿಲ್ಲ. 1757ರ ಅಕ್ಟೋಬರ್ 16ರಂದು ಹಾದಿಕ್ ಕೆಲವೇ ಸಾವಿರ ಜನರ ಆಸ್ಟ್ರಿಯನ್ ತುಕಡಿ ಕಟ್ಟಿಕೊಂಡು ಬರ್ಲಿನ್ನಿಗೆ ನುಗ್ಗಿದ. ಸುಮಾರು 2 ಲಕ್ಷ ಥಾಲರ್ ಕಪ್ಪ ವಸೂಲಿ ಮಾಡಿ, ಪ್ರಶ್ಯದ ದೊಡ್ಡ ಪಡೆ ಬರೋದ್ರೊಳಗೆ ಜಾಗ ಖಾಲಿ ಮಾಡಿದ. ಮಹಾರಾಣಿ ಮರಿಯಾ ತೆರೇಸಾಗೆ ಅಂತ ಎರಡು ಡಜನ್ ಕೈಗವಸು ಕೇಳಿದ್ನಂತೆ, ಬರ್ಲಿನ್‌ನವರು ಎಲ್ಲವನ್ನೂ ಎಡಗೈದೇ ಕೊಟ್ಟು ಕಳಿಸಿದ್ರಂತೆ. ಇದು ಬರೀ ಕತೆ ಇರಬಹುದು, ಆದ್ರೂ ಬಿಡೋಕೆ ಮನಸ್ಸಿಲ್ಲ.

ಹಾದಿಕ್ ಹುಸಾರ್. ಹದಿನೈದನೇ ಶತಮಾನದ ಹಂಗರಿಯಲ್ಲಿ ಹುಟ್ಟಿ ಯುರೋಪೆಲ್ಲಾ ಹಬ್ಬಿದ ಹಗುರ ರಾವುತರ ಹೆಸರು ಅದು. ನಮ್ಮ 'ಹುಷಾರು' ಪಾರ್ಸಿಯಿಂದ ಬಂದದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ರೆ ಅರ್ಥ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಎದೆಗವಚ ತೊಟ್ಟು ಭಾರೀ ಕುದುರೆ ಏರಿದ ಕ್ಯುರಾಸಿಯರ್‌ಗಳನ್ನು ದೊಡ್ಡ ಕಾಳಗದ ದಿನಕ್ಕೆ ಅಂತ ಕಾದಿಡ್ತಿದ್ರು. ಆದ್ರೆ ಕಾಳಗ ನಡೆಯೋದು ವರ್ಷಕ್ಕೆ ಒಂದೋ ಎರಡೋ ದಿನ. ಮಿಕ್ಕ ದಿನಗಳೆಲ್ಲಾ ಚಿಕ್ಕ ಕುದುರೆಯ ಈ ರಾವುತರವು. ಮುಂದಿನ ಗುಡ್ಡದಾಚೆ ಶತ್ರು ಇದ್ದಾನಾ, ಎಷ್ಟು ಜನ, ಯಾವ ಸೇತುವೆ ಮುರಿದಿದೆ, ಯಾವ ಹೊಳೆ ದಾಟಬಹುದು ಅಂತ ನೋಡಿ ಬಂದು ಹೇಳಬೇಕು. ರಾತ್ರಿ ಪಹರೆ ಕಾಯಬೇಕು. ನಮ್ಮ ಸೈನ್ಯದ ಮುಂದೆ ಪರದೆಯ ಹಾಗೆ ಹರಡಿಕೊಂಡು ಎದುರಾಳಿಯ ಗೂಢಚಾರರನ್ನು ತಡೀಬೇಕು. ಅವರ ದವಸದ ಗಾಡಿ, ಅಂಚೆ ಸವಾರರನ್ನು ಹಿಡಿದು ಹಾಕಬೇಕು. ನಮ್ಮ ಭಾಷೇಲಿ ಹೇಳೋದಾದ್ರೆ ಸೆನ್ಸರೂ ಅವರೇ, ನೆಟ್‌ವರ್ಕೂ ಅವರೇ, ಎದುರಾಳಿಗೆ ಜಾಮರ್ರೂ ಅವರೇ.

ಅದು ಇಲ್ಲದಿದ್ರೆ ಏನಾಗುತ್ತೆ ಅನ್ನೋದನ್ನ ಇದೇ ಫ್ರೆಡ್ರಿಕ್ 1744ರಲ್ಲಿ ಅನುಭವಿಸಿದ್ದ. ಬೊಹೀಮಿಯಕ್ಕೆ ನುಗ್ಗಿ ಸೆಪ್ಟೆಂಬರಿನಲ್ಲಿ ಪ್ರಾಗ್ ಹಿಡಿದ. ಆಸ್ಟ್ರಿಯದ ಮುದಿ ಸೇನಾನಿ ಟ್ರೌನ್ ಯುದ್ಧಕ್ಕೆ ಸಿಗಲೇ ಇಲ್ಲ. ಸುತ್ತ ಹುಸಾರ್‌ಗಳನ್ನು ಬಿಟ್ಟ, ಅಷ್ಟೇ. ಹೊರಗೆ ಹೋದ ಪ್ರಶ್ಯನ್ ತುಕಡಿ ವಾಪಸ್ ಬರಲ್ಲ, ಕಾಗದ ತಲುಪಲ್ಲ, ಮೇವು ಸಿಗಲ್ಲ, ಶತ್ರು ಎಲ್ಲಿದ್ದಾನೆ ಅಂತಾನೇ ಗೊತ್ತಾಗಲ್ಲ. ಹಸಿವು, ಕಾಯಿಲೆ, ಓಡಿಹೋಗೋ ಸೈನಿಕರು. ವರ್ಷದ ಕೊನೆಗೆ ಒಂದೇ ಒಂದು ದೊಡ್ಡ ಕಾಳಗವೂ ಇಲ್ಲದೆ ಫ್ರೆಡ್ರಿಕ್ ಪ್ರಾಗ್ ಬಿಟ್ಟು ಸೈಲೀಶಿಯಕ್ಕೆ ಹಿಂದಿರುಗಿದ. ಈ ದಂಡಯಾತ್ರೆಯೇ ತನಗೆ ಪಾಠಶಾಲೆ, ಟ್ರೌನನೇ ಮೇಷ್ಟ್ರು ಅಂತ ಆಮೇಲೆ ಅವನೇ ಒಪ್ಪಿಕೊಂಡ.

ನೆಪೋಲಿಯನ್‌ಗೂ ಈ ಪಾಠ ತಪ್ಪಲಿಲ್ಲ. 1812ರಲ್ಲಿ ರಷ್ಯದಲ್ಲಿ ಕುದುರೆಗಳೆಲ್ಲಾ ಸತ್ತವು. ಹೊಸ ಹುಡುಗರ ಕೈಗೆ ಬಂದೂಕು ಕೊಟ್ಟು ಕೆಲವೇ ತಿಂಗಳಲ್ಲಿ ಸೈನ್ಯ ಕಟ್ಟಿದ, ಆದ್ರೆ ಪಳಗಿದ ಕುದುರೆ ಮತ್ತು ಸವಾರ ಅಷ್ಟು ಬೇಗ ತಯಾರಾಗಲ್ಲ. 1813ರ ಮೇ ತಿಂಗಳಲ್ಲಿ ಲುಟ್ಸೆನ್, ಬೌಟ್ಸೆನ್ ಎರಡೂ ಕಡೆ ಗೆದ್ದ. ಸೋತವರನ್ನು ಅಟ್ಟಿಕೊಂಡು ಹೋಗೋಕೆ ರಾವುತರು ಸಾಲದೆ ಅವರು ಆರಾಮಾಗಿ ನಡೆದು ಹೋದರು.

ಈಗ ಆ ಮೂರು ಬಝರ್ ಒತ್ತಿಸಿದ ಘಟನೆಗೆ ಬರೋಣ. ಕ್ರಿಮಿಯದ ಬಾಲಕ್ಲಾವಾ, 1854ರ ಅಕ್ಟೋಬರ್ 25. ಬ್ರಿಟಿಷ್ ದಂಡನಾಯಕ ರಾಗ್ಲನ್ ಎತ್ತರದ ದಿಣ್ಣೆ ಮೇಲಿದ್ದ. ಪಕ್ಕದ ಗುಡ್ಡದಿಂದ ರಷ್ಯನ್ನರು ತಮ್ಮ ತೋಪುಗಳನ್ನು ಎಳೆದುಕೊಂಡು ಹೋಗ್ತಿರೋ ಹಾಗೆ ಅವನಿಗೆ ಕಾಣಿಸಿತು. ಬೇಗ ಮುಂದೆ ಹೋಗಿ ತೋಪು ಸಾಗಿಸೋದನ್ನ ತಡೀರಿ ಅಂತ ಚೀಟಿ ಬರೆಸಿ ಕಳಿಸಿದ. ಯಾವ ತೋಪು ಅಂತ ಚೀಟೀಲಿ ಇರಲಿಲ್ಲ. ಕೆಳಗೆ ಕಣಿವೇಲಿದ್ದ ಲೂಕನ್‌ಗೆ ಆ ಗುಡ್ಡದ ಮೇಲಿಂದು ಕಾಣ್ತಿರಲಿಲ್ಲ. ಯಾವುದು ಅಂತ ಕೇಳಿದ್ರೆ ಚೀಟಿ ತಂದ ಕ್ಯಾಪ್ಟನ್ ನೋಲನ್ ಸಿಡುಕಿ ಸುಮ್ಮನೆ ಆ ಕಡೆ ಕೈ ಬೀಸಿದ. ಈ ನೋಲನ್ ಹಿಂದಿನ ವರ್ಷವಷ್ಟೇ ಅಶ್ವದಳದ ಬಗ್ಗೆ ಪುಸ್ತಕ ಬರೆದಿದ್ದವನು! ಲೂಕನ್, ಬ್ರಿಗೇಡಿನ ನಾಯಕ ಕಾರ್ಡಿಗನ್ ಇಬ್ಬರೂ ಭಾವ ಮೈದುನರು, ಒಬ್ಬರ ಮುಖ ಕಂಡ್ರೆ ಒಬ್ಬರಿಗೆ ಆಗ್ತಿರಲಿಲ್ಲ. ಕೂತು ಮಾತಾಡಿ ಬಗೆಹರಿಸೋ ಪ್ರಶ್ನೆಯೇ ಇಲ್ಲ. ಸುಮಾರು 670 ಜನ ಎರಡು ಕಿಲೋಮೀಟರ್ ಕಣಿವೆಯಲ್ಲಿ, ಮೂರು ಕಡೆಯ ತೋಪುಗಳ ನಡುವೆ, ತಪ್ಪು ಗುರಿಯತ್ತ ನುಗ್ಗಿದ್ರು. ಸುಮಾರು 110 ಜನ ಸತ್ತರು, 300ಕ್ಕೂ ಹೆಚ್ಚು ಕುದುರೆಗಳು ಹೋದವು. ಮೊದಲು ಸತ್ತವರಲ್ಲಿ ನೋಲನ್ ಒಬ್ಬ. ಅದೇ ಡಿಸೆಂಬರಿನಲ್ಲಿ ಟೆನಿಸನ್ ಪದ್ಯ ಅಚ್ಚಾಯಿತು, ಬ್ರಿಗೇಡ್ ಅಮರವಾಯಿತು.

(ಆ ದಿನ ನುಗ್ಗಿದ ರೆಜಿಮೆಂಟುಗಳಲ್ಲಿ ಒಂದು 4ನೇ ಲೈಟ್ ಡ್ರಗೂನ್ಸ್. ಮುಂದೆ 4ನೇ ಹುಸಾರ್ಸ್ ಅಂತ ಹೆಸರು ಬದಲಾಗಿ 1896ರಲ್ಲಿ ನಮ್ಮ ಬೆಂಗಳೂರು ದಂಡಿಗೆ ಬಂತು. ಜೊತೆಗೆ ಬಂದ ಹುಡುಗ ಅಧಿಕಾರಿಯ ಹೆಸರು ವಿನ್‌ಸ್ಟನ್ ಚರ್ಚಿಲ್.)

ಈ ಲೇಖನದ ಕರಡು ಓದಿದ ನಮ್ಮಲ್ಲೇ ಒಬ್ಬರು ಜಗಳಕ್ಕೆ ಬಂದ್ರು. "ಸಾಯ್ತೀವಿ ಅಂತ ಗೊತ್ತಿದ್ದೂ ಹೋದವರ ಧೈರ್ಯಕ್ಕೆ ಬೆಲೆ ಇಲ್ವಾ? ಹಾದಿಕ್ ಏನು ದೊಡ್ಡ ಸಾಚಾನಾ, ವಸೂಲಿ ಮಾಡ್ಕೊಂಡು ಓಡಿದವನು ತಾನೆ?" ಎರಡನೇ ಮಾತು ಒಪ್ಪಲೇಬೇಕು. ನೋಡಿಬರುವ ರಾವುತನೇ ಹಳ್ಳಿಗೆ ನುಗ್ಗಿ ಕಣಜ ಖಾಲಿ ಮಾಡ್ತಿದ್ದವನು, ರೈತನ ಹುಲ್ಲು ಹೊತ್ತೊಯ್ಯುತ್ತಿದ್ದವನು. ಬೊಹೀಮಿಯದ ಹಳ್ಳಿಗರಿಗೆ ಯಾರ ಹುಸಾರ್ ಆದ್ರೂ ಅದೇ ಗತಿ. ಆದ್ರೆ ಮೊದಲನೇ ಮಾತಿಗೆ ನಮ್ಮ ಉತ್ತರ ಬೇರೆ. ಆ 670 ಜನರ ಧೈರ್ಯದ ಬಗ್ಗೆ ನಮಗೆ ಅನುಮಾನವೇ ಇಲ್ಲ. ಅವರು ಸತ್ತದ್ದು ಒಂದು ಅರ್ಧಂಬರ್ಧ ಚೀಟಿಗೆ. ಧೈರ್ಯವನ್ನು ಹಾಡಿ ಹೊಗಳಿದಷ್ಟೂ ಚೀಟಿ ಬರೆಸಿದವನನ್ನು ಕೇಳುವವರು ಕಮ್ಮಿ ಆಗ್ತಾರೆ. ಮಾಹಿತಿ ಒಯ್ಯೋಕೆ ಅಂತಾನೇ ಇದ್ದ ದಳ ಮಾಹಿತಿ ಕೆಟ್ಟು ಸತ್ತಿತು, ನಾವು ಅದನ್ನ ಶೌರ್ಯದ ಖಾತೆಗೆ ಬರ್ಕೊಂಡ್ವಿ.

1914ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಕಡೆ ಬರ್ತಿದ್ದ ಜರ್ಮನ್ ಸೈನ್ಯ ಆಗ್ನೇಯಕ್ಕೆ ತಿರುಗಿದ್ದನ್ನ ವಿಮಾನದವರು ಮೇಲಿಂದ ನೋಡಿ ಹೇಳಿದ್ರು, ಮಾರ್ನ್ ಕಾಳಗಕ್ಕೆ ಅದು ದಾರಿ ಮಾಡಿಕೊಡ್ತು. ರಾವುತರ ಹಳೇ ಕೆಲಸ ಆಕಾಶಕ್ಕೆ ಏರಿತ್ತು. ಆದ್ರೂ ಕತೆಗಳಿಗೆ ಬೇಕಾದದ್ದು ನುಗ್ಗಾಟವೇ. 1939ರಲ್ಲಿ ಪೋಲೆಂಡಿನ ಕುದುರೆ ಸವಾರರು ಟ್ಯಾಂಕುಗಳ ಮೇಲೆ ಈಟಿ ಹಿಡಿದು ನುಗ್ಗಿದ್ರು ಅಂತ ಈಗಲೂ ಹೇಳ್ತಾರೆ. ಕ್ರೋಯಾಂಟಿಯಲ್ಲಿ ಅವರು ನುಗ್ಗಿದ್ದು ಕಾಲಾಳುಗಳ ಮೇಲೆ, ಚೆದುರಿಸಿಯೂ ಇದ್ರು. ಆಮೇಲೆ ಬಂದ ಕವಚದ ಗಾಡಿಗಳ ಗುಂಡಿಗೆ ಸಿಕ್ಕಿದ್ರು.

ನಮ್ಮವರ ಕತೆಯೂ ಹೀಗೇ ಆಗಿದೆ. 1918ರ ಸೆಪ್ಟೆಂಬರ್ 23ರ ಹೈಫಾ ಅಂದ್ರೆ ಈಟಿ ಹಿಡಿದು ಊರೊಳಗೆ ನುಗ್ಗಿದ ಜೋಧಪುರದವರ ಚಿತ್ರ ಕಣ್ಣಿಗೆ ಬರುತ್ತೆ. ಅದಕ್ಕೆ ಮುಂಚೆ ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಡಿದಾದ ದಾರಿ ಹಿಡಿದು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳ ಕಡೆ ಸುತ್ತಿಕೊಂಡು ಹೋಗಿತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲಿನ ಶನಿವಾರ ಅಲ್ಲಿಗೆ ಹೋಗಿಬರೋಣ ಅಂತಿದೀವಿ. ಬರೋರು ಸಂಘದ ಕೋಣೇಲಿ ಹೆಸರು ಬರೆಸಿ. ಅಲ್ಲಿ ಮುಟ್ಟೋಕೆ ಕುದುರೆ ಪ್ರತಿಮೆ ಇರುತ್ತೆ ಅಂತ ಮಾತ್ರ ಭರವಸೆ ಕೊಡಲ್ಲ.