ಊರಿಗೆ ಗೂಳಿ ಬೇಕು

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ರೈತ ಬಂಧುಗಳೇ, ತಾಯಂದಿರೇ,

ಮುದಗಲ್ ಬಳಿಯ ಪಿಕಳಿಹಾಳದ ಗುಡ್ಡಕ್ಕೆ ಒಮ್ಮೆ ಹೋಗಿ ಬನ್ನಿ. ಡುಬ್ಬದ, ಉದ್ದ ಕೊಂಬಿನ ದನಗಳ ಚಿತ್ರ ಬಂಡೆಗಳ ಮೇಲಿವೆ. 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಲ್ಲಿ ಅಗೆದು ನೋಡಿದರು. ಮಸ್ಕಿಯಲ್ಲಿ ಅಶೋಕನ ಶಾಸನ ಕೆತ್ತುವುದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿದವರ ನೆಲೆ ಸಿಕ್ಕಿತು. ಈ ಬಿಸಿಲು ತಡೆದು, ಜೋಳದ ಕಣಿಕೆ ತಿಂದು ಬದುಕುವ ಗುಣ ಜವಾರಿ ದನಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ.

ಆಕಳು ಇನ್ನೂ ಅಲ್ಲಲ್ಲಿ ಇವೆ. ಇಲ್ಲದ್ದು ಗೂಳಿ. ತುಂಗಭದ್ರೆಯ ನೀರು ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. (ಕಾಲುವೆಯ ಮೇಲೆ ನಮಗೆ ಸಿಟ್ಟಿಲ್ಲ, ಅನ್ನ ಕೊಟ್ಟಿದೆ.) ಎತ್ತೇ ಬೇಡವಾದ ಮೇಲೆ ಹೋರಿಗರು ಸಾಕುವವರು ಯಾರು? ಅದು ಸಂತೆಗೆ ಹೋಯಿತು. ಬೆದೆಗೆ ಬಂದ ಆಕಳಿಗೆ ಜರ್ಸಿ, ಎಚ್‌ಎಫ್ ಇಂಜೆಕ್ಷನ್ನೇ ಗತಿಯಾಯಿತು. ಇಲ್ಲವೇ ಇರುವ ಒಂದೇ ಹೋರಿ ತನ್ನ ಮಗಳನ್ನೂ ತಂಗಿಯನ್ನೂ ಹಾರುತ್ತದೆ.

ಲೆಕ್ಕ ನೋಡಿ. ನೂರು ಆಕಳಿಗೆ ಒಂದೇ ಗೂಳಿಯಾದರೆ, ವಂಶದ ಲೆಕ್ಕದಲ್ಲಿ ಆ ಹಿಂಡು ಬರೀ 4 ದನಕ್ಕೆ ಸಮ. ಗೂಳಿ ಐದಾದರೆ 19. ತಳಿ ಉಳಿಯಲು ಈ ಲೆಕ್ಕ ಕನಿಷ್ಠ 50 ಇರಬೇಕೆನ್ನುತ್ತಾರೆ ತಜ್ಞರು. ಆಕಳಿಗೆ ಹಾರ ಹಾಕಿ ಪೂಜಿಸಿದರೆ ಈ ಅಂಕಿ ಏರುವುದಿಲ್ಲ.

ಒಂದೇ ಹೋರಿಯನ್ನು ನಂಬುವ ಈ ತಪ್ಪಿಗೆ ಹಾಲಿನ ದೇಶದವರೂ ಬೆಲೆ ತೆತ್ತಿದ್ದಾರೆ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ‘ಚೀಫ್’ ಎಂಬ ಎಚ್‌ಎಫ್ ಹೋರಿಗೆ 16,000 ಹೆಣ್ಣುಮಕ್ಕಳು. ಹಾಲೇನೋ ಹೆಚ್ಚಿತು. ಅದರ ರಕ್ತದಲ್ಲಿ ಅಡಗಿದ್ದ ಒಂದು ದೋಷದಿಂದ ಜಗತ್ತಿನಲ್ಲಿ ಸುಮಾರು 5 ಲಕ್ಷ ಕರುಗಳು ಹೊಟ್ಟೆಯಲ್ಲೇ ಸತ್ತವೆಂದು ವಿಜ್ಞಾನಿಗಳು ಆಮೇಲೆ ಲೆಕ್ಕ ಹಾಕಿದರು.

ನೀರು, ಹಸಿಮೇವು, ಡೇರಿ ಇರುವವರು ಮಿಶ್ರತಳಿ ಕಟ್ಟಲಿ. ಮಳೆಯನ್ನೇ ನಂಬಿದ ಊರಿನ ಒಳ್ಳೆಯ ಜವಾರಿ ಆಕಳಿಗೆ ಮಾತ್ರ ಜರ್ಸಿ, ಎಚ್‌ಎಫ್ ಇಂಜೆಕ್ಷನ್ ಬೇಡ. ಕಿಲಾರಿ, ಕೃಷ್ಣಾ ತೀರದ ತಳಿಯ ಇಂಜೆಕ್ಷನ್ ಕೊಡಿ ಎಂದು ದನದ ದವಾಖಾನೆಯಲ್ಲಿ ಕೇಳಿ; ಕೇಳುವವರಿಲ್ಲದಿದ್ದರೆ ಅವರೇಕೆ ತರಿಸುತ್ತಾರೆ? ಗಟ್ಟಿ ಹೋರಿಗರುವಿನ ಬೀಜ ಒಡೆಸಬೇಡಿ. ಊರೆಲ್ಲ ಸೇರಿ ಅದನ್ನು ಸಾಕಿ, ಮೂರು ವರ್ಷಕ್ಕೊಮ್ಮೆ ದೂರದ ಊರಿನ ಗೂಳಿಯೊಂದಿಗೆ ಅದಲುಬದಲು ಮಾಡಿಕೊಳ್ಳಿ. ಅದರ ಮೇವಿಗೆ ಗಾಯರಾಣದಲ್ಲಿ ಒತ್ತುವರಿಯಾಗದೆ ಉಳಿದಷ್ಟು ಜಾಗವನ್ನಾದರೂ ಪಂಚಾಯಿತಿ ಬಿಡಲಿ.

ಮುಂದಿನ ಗ್ರಾಮಸಭೆಯಲ್ಲಿ ಗೂಳಿಯ ಮಾತು ನೀವೇ ಎತ್ತಿ. ಈ ಕರಪತ್ರ ಓದಿ ಪಕ್ಕದ ಮನೆಗೆ ಕೊಡಿ.