ಸುಳ್ಳಿಗೂ ಒಂದು ಪದಕ

ಕೆರೊಲ್ ರೀಡ್ 1959ರಲ್ಲಿ ನಿರ್ದೇಶಿಸಿದ 'ಅವರ್ ಮ್ಯಾನ್ ಇನ್ ಹವಾನಾ' ಚಿತ್ರದಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾರುವ ಬಡಪಾಯಿಯೊಬ್ಬ ಬ್ರಿಟಿಷ್ ಗುಪ್ತಚರನಾಗುತ್ತಾನೆ. ಕಳಿಸಲು ಸುದ್ದಿಯಿಲ್ಲ. ಯಂತ್ರದ ಬಿಡಿಭಾಗಗಳನ್ನೇ ದೊಡ್ಡದಾಗಿ ಬರೆದು, ರಹಸ್ಯ ಆಯುಧಗಳೆಂದು ಲಂಡನ್ನಿಗೆ ಕಳಿಸುತ್ತಾನೆ. ಲಂಡನ್ ನಂಬುತ್ತದೆ. ಸುಳ್ಳಿಗೆ ನಿಜವಾದ ಹೆಣಗಳು ಬೀಳುತ್ತವೆ. ಕೊನೆಗೆ ಮಾನ ಉಳಿಸಿಕೊಳ್ಳಲು ಇಲಾಖೆ ಅವನಿಗೇ ಪದಕ ಕೊಡುತ್ತದೆ. ನಾವು ನಗುತ್ತೇವೆ.

2003ರ ಫೆಬ್ರವರಿ 5ರಂದು ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಇರಾಕಿನ ಸಂಚಾರಿ ಜೈವಿಕಾಸ್ತ್ರ ಘಟಕಗಳನ್ನು ತೋರಿಸಿದರು. ಅವೂ ಬರೆದ ಚಿತ್ರಗಳೇ! 'ಕರ್ವ್‌ಬಾಲ್' ಎಂಬ ಗುಪ್ತನಾಮದ ಇರಾಕಿ ನಿರಾಶ್ರಿತನ ಮಾತೇ ಮುಖ್ಯ ಆಧಾರ. ತಾನು ಹೇಳಿದ್ದು ಸುಳ್ಳೆಂದು ಆತ 2011ರಲ್ಲಿ ಒಪ್ಪಿಕೊಂಡ. ಅಷ್ಟರಲ್ಲಿ ಬಗ್ದಾದ್ ಸ್ಮಶಾನವಾಗಿತ್ತು. ಆಯುಧಗಳ ದಾಸ್ತಾನು ಇರಲಿಲ್ಲವೆಂದು ಅಮೆರಿಕದ ತನಿಖಾ ತಂಡವೇ 2004ರಲ್ಲಿ ವರದಿ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಸಿಐಎಯ ಮಾಜಿ ಮುಖ್ಯಸ್ಥ ಜಾರ್ಜ್ ಟೆನೆಟ್‌ರಿಗೆ ಬುಷ್ 'ಸ್ವಾತಂತ್ರ್ಯ ಪದಕ' ತೊಡಿಸಿದರು. ಸಿನಿಮಾ ಸೋತಿತು.

ಬಂದ ಸುದ್ದಿಯನ್ನು ಪರಾಮರ್ಶಿಸಬೇಕೆಂಬುದು ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯದ ಪಾಠ. ಅದು ಮುಸ್ಲಿಮರಿಗೆ ಮಾತ್ರ ಬೇಕಾದ ಪಾಠವೇನಲ್ಲ. ಆದರೆ ತೆರೆಯ ಮೇಲಿನ ಸುಳ್ಳಿಗೆ ನಕ್ಕ ನಾವೇ, ಮರುದಿನ ಪತ್ರಿಕೆಯಲ್ಲಿ 'ಗುಪ್ತಚರ ಮೂಲಗಳ ಪ್ರಕಾರ' ಎಂದಿದ್ದರೆ ತಲೆಯಾಡಿಸುತ್ತೇವೆ. ಪುರಾವೆ ಎಲ್ಲಿ ಎಂದು ಕೇಳಿದವನನ್ನು ದೇಶದ್ರೋಹಿ ಎನ್ನುತ್ತೇವೆ. ಹಾಗಾದರೆ ನಾವು ನಕ್ಕದ್ದು ಯಾರನ್ನು ನೋಡಿ?