ತಾತನ ತುಪಾಕಿ, ಇನ್‌ಸ್ಟಾಗ್ರಾಮಿನ ತ್ರೀ ನಾಟ್ ತ್ರೀ

ಬಿಜಿಎಂಐ ಆಡುವ ನಮಗೆಲ್ಲ ಕಾರ್ 98ಕೆ ಚೆನ್ನಾಗಿ ಗೊತ್ತು. ಜರ್ಮನ್ ಸೈನ್ಯದ್ದು, ಎರಡನೇ ಮಹಾಯುದ್ಧದ್ದು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀವಿ. ನಮ್ಮ ದೇಶದ ಇಶಾಪುರ ಕಾರ್ಖಾನೆಯಲ್ಲೇ ತಯಾರಾಗಿ, ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ತ್ರೀ ನಾಟ್ ತ್ರೀ ಬಗ್ಗೆ ಕೇಳಿದರೆ ಮಾತ್ರ "ಹಳೇ ಸಿನಿಮಾದಾಗೆ ಇರ್ತದಲ್ಲ, ಅದಾ?" ಅಂತೀವಿ.

ಹೋದ ತಿಂಗಳು ಸಿರುಗುಪ್ಪದ ನಮ್ಮ ಗೆಳೆಯನಿಗೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ಮೆಸೇಜ್ ಬಂತು. 1942ರ ಲೀ ಎನ್‌ಫೀಲ್ಡ್, ಆಂಟಿಕ್ ಪೀಸ್, ಲೈಸೆನ್ಸ್ ಬೇಕಿಲ್ಲ, ಐದು ಸಾವಿರ ಅಡ್ವಾನ್ಸ್ ಹಾಕಿ. ಅವನು ಹಾಕೋಕೆ ರೆಡಿ! ನಾವು ಮೂವರು ಕೂತು ಫೋಟೋ ಜೂಮ್ ಮಾಡಿದೆವು.

ಈ ರೈಫಲಿನಲ್ಲಿ ನೋಡಬೇಕಾದ ಜಾಗ ಒಂದಿದೆ. ಬೋಲ್ಟಿನ ಹಿಂದೆ, ಮರದ ಹಿಡಿ ಶುರುವಾಗುವಲ್ಲಿ ಲೋಹದ ಪಟ್ಟಿ ಇರುತ್ತೆ. ಅದರ ಬಲಗಡೆ ಬ್ರಿಟಿಷ್ ಕಿರೀಟ, ಜಿ ಆರ್ ಎಂಬ ರಾಜನ ಅಕ್ಷರ, ಕಾರ್ಖಾನೆಯ ಹೆಸರು, ವರ್ಷ, ಮಾಡೆಲ್ ಒಂದರ ಕೆಳಗೊಂದು ಕೊರೆದಿರುತ್ತಾರೆ. ಸ್ವಾತಂತ್ರ್ಯದ ನಂತರ ಇಶಾಪುರದಲ್ಲಿ ಆಗಿದ್ದರೆ ಕಿರೀಟ ಇರಲ್ಲ, ಆರ್‌ಎಫ್‌ಐ ಅಂತ ಇರುತ್ತೆ. ಬೋಲ್ಟಿನ ಹಿಡಿಯ ನಂಬರಿಗೂ ಬಾಡಿಯ ನಂಬರಿಗೂ ತಾಳೆ ಆಗಬೇಕು. ಆಗದಿದ್ದರೆ ಯಾರೋ ಬಿಡಿಭಾಗ ಜೋಡಿಸಿದ್ದಾರೆ ಅಂತ ಅರ್ಥ. ಫೋಟೋದಲ್ಲಿ ಎನ್‌ಫೀಲ್ಡ್ ಸ್ಪೆಲ್ಲಿಂಗೇ ತಪ್ಪು, ಎನ್ ಅಕ್ಷರ ಕನ್ನಡಿಯಲ್ಲಿ ನೋಡಿದಂಗೆ ಉಲ್ಟಾ. ಖೈಬರ್ ಕಣಿವೆ ಕಡೆಯ ಕೈಕೆಲಸದ ನಕಲುಗಳು ಇಂಥ ತಪ್ಪಿಗೇ ಹೆಸರುವಾಸಿ.

ಅಸಲಿ ಆಗಿದ್ದರೆ? ಇನ್ನೂ ಕಷ್ಟ. ಪಾಯಿಂಟ್ 303 ನಮ್ಮಲ್ಲಿ ಜನಸಾಮಾನ್ಯರಿಗೆ ನಿಷೇಧಿತ ಬೋರ್. ಅದಕ್ಕೇ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆ ಲೈಸೆನ್ಸುದಾರರಿಗೆ ಪಾಯಿಂಟ್ 315 ರೈಫಲ್ ಮಾಡಿದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಇದೆ, ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂತಿದ್ದರೆ ಮಾತ್ರ. ಮಾರುವವರು ಈ ಕೊನೇ ಮಾತು ನುಂಗಿಬಿಡ್ತಾರೆ. ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟರೂ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ ಜೈಲು, ನಿಷೇಧಿತ ಆಯುಧವಾದರೆ ಕನಿಷ್ಠ ಏಳು. ಅಮೆರಿಕದಲ್ಲಿ ಸೈನ್ಯದ ಹಳೇ ಗರಾಂಡ್ ರೈಫಲನ್ನು ನಾಗರಿಕರಿಗೆ ಮಾರೋ ವ್ಯವಸ್ಥೆಯೇ ಇದೆ. ಯೂಟ್ಯೂಬಿನಲ್ಲಿ ಅದನ್ನು ನೋಡಿ ನಾವು ಇಲ್ಲಿ ಬಳ್ಳಾರಿಯಲ್ಲಿ ಕನಸು ಕಾಣೋದು, ಅಷ್ಟೇ.

ಆದರೆ ನಮಗೆ ನಿಜವಾಗಿ ತಲೆ ಕೆಡಿಸಿದ್ದು ಆಮೇಲೆ ಅದೇ ಗೆಳೆಯ ಹೇಳಿದ ಮಾತು. "ನಮ್ಮ ತಾತಂದೇ ಒಂದು ತುಪಾಕಿ ಅಟ್ಟದ ಮೇಲೆ ಐತಿ ಲೇ."

ಭತ್ತದ ಗದ್ದೆಗೆ ಹಂದಿ ನುಗ್ಗುತ್ತವೆ ಅಂತ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ, ಮುಂದಿನಿಂದ ಮದ್ದು ತುಂಬೋ ಬಂದೂಕು. ಪ್ರತಿ ಎಲೆಕ್ಷನ್ನಿಗೂ ತಾತ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರ್ತಿದ್ದರಂತೆ. ರಸೀದಿಗಳೆಲ್ಲ ಬಿಸ್ಕತ್ ಡಬ್ಬಿಯಲ್ಲಿ ಜೋಪಾನವಾಗಿವೆ. ತಾತ ತೀರಿಕೊಂಡು ನಾಲ್ಕು ವರ್ಷ, ಲೈಸೆನ್ಸ್ ಮಾತ್ರ ಇನ್ನೂ ಅವರ ಹೆಸರಲ್ಲೇ. ಅಂದರೆ ಇವತ್ತು ಆ ಮನೆಯಲ್ಲಿರೋದು ಲೈಸೆನ್ಸ್ ಇಲ್ಲದ ಬಂದೂಕು. ಅವರಮ್ಮನಿಗೆ ಇದು ಗೊತ್ತು, ಭಯಕ್ಕೆ ಯಾರಿಗೂ ಹೇಳಿಲ್ಲ.

ಕುರುಗೋಡಿನ ಇನ್ನೊಬ್ಬ ಗೆಳೆಯನ ಮನೆಯಲ್ಲಿ ಇದೇ ಭಯಕ್ಕೆ ಮಾವ ನಳಿಗೆಯನ್ನು ತುಂಡು ಮಾಡಿ ಗುಜರಿಗೆ ಹಾಕಿದರಂತೆ. ಯಾವ ಕಾಲದ್ದು, ಏನು ಗುರುತಿತ್ತು, ಒಬ್ಬರೂ ನೋಡಲಿಲ್ಲ. ನಮಗೆ ಹೊಟ್ಟೆ ಉರಿಯೋದು ಇಲ್ಲೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹತ್ತಿರ ಬತ್ತಿದ ಬಾವಿಯೊಂದರಲ್ಲಿ ಹೈದರ್-ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಅವನ್ನೂ ಗುಜರಿಗೆ ಹಾಕಿದ್ದರೆ? ಕೋಟೆ, ಕಂಟೋನ್ಮೆಂಟ್ ಎರಡೂ ಇರೋ ಊರು ನಮ್ಮದು. ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೈನಿಕರನ್ನು ಸೆರೆಯಿಟ್ಟಿದ್ದ ಊರು. ಸುತ್ತಲಿನ ಅಟ್ಟಗಳಲ್ಲಿ ಏನಿದೆಯೋ ಯಾರು ಕಂಡರು?

"ಹಳೇ ಬಂದೂಕೆಲ್ಲ ಕರಗಿಸಿಬಿಡಿ, ಪೀಡೆ ಹೋಗ್ಲಿ" ಅನ್ನೋರಿದ್ದಾರೆ. ನಾವು ಒಪ್ಪಲ್ಲ. ಹಾಗಂತ ಬಚ್ಚಿಟ್ಟುಕೊಳ್ಳಿ ಅಂತಲೂ ಹೇಳ್ತಿಲ್ಲ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಬಂದೂಕನ್ನು ಹತ್ತಿರದ ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಠೇವಣಿ ಇಡಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಒಪ್ಪಿಸೋ ಮುಂಚೆ ಗುರುತುಗಳ ಫೋಟೋ ತೆಗೀರಿ, ಮನೆ ಹಿರಿಯರು ಹೇಳೋ ಕಥೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಕುದುರೆ ಮಾತ್ರ ಎಳೀಬೇಡಿ, ನಳಿಗೆಯೊಳಗೆ ಇಣುಕಬೇಡಿ. ಒಳಗೆ ಹಳೇ ಮದ್ದು ಇನ್ನೂ ಇರಬಹುದು. ತುಕ್ಕು ಉಜ್ಜಲೂಬೇಡಿ, ಇದ್ದ ಅಕ್ಷರವೂ ಅಳಿಸಿಹೋಗುತ್ತೆ.

ಹೋದ ಭಾನುವಾರ ಸಿರುಗುಪ್ಪಕ್ಕೆ ಹೋಗಿ ಗೆಳೆಯನ ಅಮ್ಮನ ಜೊತೆ ಮಾತಾಡಿದೆವು. ಮೊದಲು "ನಿಮಗ್ಯಾಕಪ್ಪ ಬೇಕು ಇದೆಲ್ಲ" ಅಂದರು. ಆಮೇಲೆ ಅವರೇ ಬಿಸ್ಕತ್ ಡಬ್ಬಿ ತಂದು ಮುಂದಿಟ್ಟರು. ಕುದುರೆಯ ಪಕ್ಕದ ತಗಡಿನ ಮೇಲೆ ತುಕ್ಕಿನ ನಡುವೆ ಅರ್ಧ ಕಿರೀಟ ಕಾಣ್ತಿತ್ತು, ವರ್ಷದ ಮೊದಲ ಎರಡು ಅಂಕಿ 18. ಉಳಿದ ಎರಡು ಓದೋಕೆ ಆಗಲಿಲ್ಲ. ಮರುದಿನ ಅವರ ಮಾಮ ಸ್ಟೇಷನ್ನಿಗೆ ಹೋಗಿ ವಿಷಯ ತಿಳಿಸಿ, ರಸೀದಿಗಳನ್ನೆಲ್ಲ ತೋರಿಸಿ ಬಂದಿದ್ದಾರೆ.